ಬಟ್ಟಲಲ್ಲಿ ತೋರಿಸದೆ ಹೋದದ್ದು

ನಾನು ಅರಿವಳಿಕೆ ಕೊಡುವವಳು. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ಊರುಗಳ ಸಣ್ಣ ಆಸ್ಪತ್ರೆಗಳಿಗೆಲ್ಲ ಸೇರಿ ನನ್ನಂಥವರು ಬೆರಳೆಣಿಕೆಯಷ್ಟು ಜನ. ಹಾಗಾಗಿ ನನ್ನ ಅರ್ಧ ಆಯುಷ್ಯ ಆಪರೇಷನ್ ಕೋಣೆಯಲ್ಲೂ ಇನ್ನರ್ಧ ಹೆದ್ದಾರಿಯಲ್ಲೂ ಕಳೆದಿದೆ. ಶರಾವತಿ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತರೆ ಭಟ್ಕಳದಲ್ಲಿ ಯಾರದೋ ಹೆರಿಗೆ ನನಗಾಗಿ ಕಾಯುತ್ತಿರುತ್ತದೆ. ನನ್ನ ಬಾಯಿ ಜೋರು ಎಂದು ಮೂರೂ ಊರಿನ ಸಿಸ್ಟರುಗಳಿಗೆ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಈ ಕೆಲಸದಲ್ಲಿ ರೋಗಿ ಉಳಿಯುವುದಿಲ್ಲ ಎಂದು ನಾನೂ ವಾದಿಸುತ್ತೇನೆ.

ನಮ್ಮ ಕಸುಬಿನಲ್ಲಿ ಬರವಣಿಗೆ ಆಗಿಂದಾಗಲೇ ನಡೆಯಬೇಕು. ನಾಡಿ ಎಷ್ಟು, ಉಸಿರು ಹೇಗಿದೆ, ರಕ್ತದೊತ್ತಡ ಏರಿತೋ ಇಳಿಯಿತೋ ಎಂದು ರೋಗಿಯ ತಲೆಯ ಹತ್ತಿರ ಕೂತು ಗುರುತು ಹಾಕುತ್ತಲೇ ಇರುತ್ತೇವೆ. ಸರ್ಜನ್ನರಿಗೆ ಈ ಕಾಟವಿಲ್ಲ. ಹೊಟ್ಟೆಯೊಳಗೆ ಏನು ಕಂಡೆ, ಏನು ಮಾಡಿದೆ ಎಂಬುದನ್ನು ಅವರು ಪುರುಸೊತ್ತಾದಾಗ ಬರೆಯುತ್ತಾರೆ. ಪುರುಸೊತ್ತು ಯಾವಾಗ ಆಗುತ್ತದೆ ಎಂದು ಕೇಳಬಾರದು. ನಮ್ಮ ಕಡೆ ಎಲ್ಲರೂ ಗೌರವಿಸುವ ಹಿರಿಯ ಸರ್ಜನ್ನರೊಬ್ಬರಿದ್ದಾರೆ. ಅವರು ವಾರವಿಡೀ ಮೂರೂ ಊರುಗಳಲ್ಲಿ ಕೊಯ್ದದ್ದನ್ನು ಭಾನುವಾರ ಚಹಾ ಕುಡಿಯುತ್ತಾ ನೆನಪಿನಿಂದ ಬರೆಯುತ್ತಿದ್ದರು. ಅರ್ಧ ಫೈಲುಗಳಲ್ಲಿ ಅದೂ ಇರುತ್ತಿರಲಿಲ್ಲ.

ಇದು ಸರಿಯಲ್ಲ ಎಂದು ಅವರಿಗೇ ಅನ್ನಿಸಿ, ಒಂದು ಉಪಾಯ ಮಾಡಿದರು. ಅಪೆಂಡಿಕ್ಸಿಗೆ ಒಂದು, ಹರ್ನಿಯಾಕ್ಕೆ ಒಂದು ಎಂದು ಹಾಳೆಗಳನ್ನು ಅಚ್ಚು ಹಾಕಿಸಿದರು. ಎಲ್ಲಿ ಕೊಯ್ದದ್ದು, ಏನು ತೆಗೆದದ್ದು, ಹೇಗೆ ಹೊಲಿದದ್ದು ಎಲ್ಲ ಇಂಗ್ಲಿಷಿನಲ್ಲಿ ಮೊದಲೇ ಅಚ್ಚಾಗಿರುತ್ತಿತ್ತು. ಹೆಸರು, ವಯಸ್ಸು, ತಾರೀಕು, ಸಹಿ ಇಷ್ಟೇ ಖಾಲಿ. ಕೊನೆಯ ಸಾಲು, ರೋಗಿಯ ಸ್ಥಿತಿ ತೃಪ್ತಿಕರ, ಎಂದು. ಅಂತೂ ಪ್ರತಿ ಫೈಲಿನಲ್ಲೂ ಒಂದು ಹಾಳೆ ಬಂತಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು. ಆದರೆ ಮನುಷ್ಯರ ಅಭ್ಯಾಸ ಎಲ್ಲಿಗೆ ಹೋಗುತ್ತದೆ! ರೋಗಿ ಇನ್ನೂ ಹೊರಗೆ ಸ್ಟ್ರೆಚರಿನ ಮೇಲಿರುವಾಗಲೇ ಸಿಸ್ಟರು ಹೆಸರು ತುಂಬಿ ಹಾಳೆಯನ್ನು ಗೋಡೆಯ ಹಲಗೆಗೆ ಚುಚ್ಚಿಡತೊಡಗಿದರು. ಸರ್ ಕೈಗವಸು ಕಳಚುತ್ತಾ ಸಹಿ ಹಾಕಿ ಮುಂದಿನ ಊರಿಗೆ ಕಾರು ಹತ್ತುತ್ತಿದ್ದರು. ಮದುವೆಗೆ ಮೊದಲೇ ಮದುವೆಯ ಫೋಟೋ ತೆಗೆದಿಟ್ಟ ಹಾಗೆ.

ಅವರದೇ ಇನ್ನೊಂದು ಪದ್ಧತಿ ಇತ್ತು, ಅದನ್ನು ಮಾತ್ರ ಅವರು ಎಂದೂ ಬಿಟ್ಟವರಲ್ಲ. ದೇಹದಿಂದ ತೆಗೆದದ್ದು ಏನೇ ಇರಲಿ, ಅದನ್ನು ಸ್ಟೀಲಿನ ಬಟ್ಟಲಲ್ಲಿಟ್ಟು ಬಾಗಿಲಿಗೆ ತಂದು ಮನೆಯವರಿಗೆ ತೋರಿಸುವುದು. ಎಷ್ಟೇ ಗಡಿಬಿಡಿ ಇದ್ದರೂ, ಕಾರು ಸ್ಟಾರ್ಟ್ ಆಗಿ ನಿಂತಿದ್ದರೂ ಬಟ್ಟಲು ತೋರಿಸಿಯೇ ಹೋಗುತ್ತಿದ್ದರು. ಜನರಿಗೂ ಅದು ಬೇಕು. ಮನೆಗೆ ಹೋಗಿ, ಕಿರುಬೆರಳಷ್ಟು ಇತ್ತು, ನೀಲಿಯಾಗಿತ್ತು ಎಂದು ನೆಂಟರ ಮುಂದೆ ವರ್ಣಿಸದಿದ್ದರೆ ಆಪರೇಷನ್ ಆದಂತೆಯೇ ಅಲ್ಲ.

ಆ ದಿನ ನಾನು ಕುಮಟೆಯಲ್ಲಿ ಒಂದು ಸಿಸೇರಿಯನ್ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ಮಧ್ಯಾಹ್ನದ ಮಳೆ ಜೋರಾಗಿತ್ತು. ಆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಕಿರಿಯ ಸರ್ಜನ್ ಬಂದು, "ಮೇಡಂ, ಒಬ್ಬರನ್ನ ಮಂಗಳೂರಿಗೆ ಕಳಿಸ್ತಿದ್ದೀನಿ. ದಾರೀಲಿ ತಡೀತಾರಾ ಅಂತ ಒಮ್ಮೆ ನೋಡ್ತೀರಾ?" ಎಂದರು. ಆ್ಯಂಬುಲೆನ್ಸ್ ಆಗಲೇ ಅಂಗಳದಲ್ಲಿ ನಿಂತಿತ್ತು.

ರೋಗಿ ಭಟ್ಕಳದ ತೆಂಗಿನಗುಂಡಿಯವನು, ಮೀನಿನ ಬೋಟಿನಲ್ಲಿ ಕೆಲಸ. ಕಡಲಲ್ಲೇ ಹೊಟ್ಟೆನೋವು ಶುರುವಾಗಿ, ಗುಳಿಗೆ ನುಂಗಿ ಸಹಿಸಿ, ಆಗದೆ ಹೋದಾಗ ಬೋಟಿನವರು ತದಡಿ ಬಂದರಿನಲ್ಲಿ ಇಳಿಸಿ ಇಲ್ಲಿಗೆ ತಂದಿದ್ದರು. ಹೆಂಡತಿ ಭಟ್ಕಳದಿಂದ ಬಸ್ಸಿನಲ್ಲಿ ಬಂದಿದ್ದಳು, ಹಳೆಯ ಕಾಗದಗಳ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಅವಚಿಕೊಂಡು. ಗಂಡ ಮಂಡಿ ಮಡಚಿಕೊಂಡು ಮಲಗಿದ್ದ. ಕೂಗುತ್ತಿರಲಿಲ್ಲ. ಕೂಗುವವರ ಬಗ್ಗೆ ನನಗೆ ಹೆದರಿಕೆಯಿಲ್ಲ. ಹೀಗೆ ತುಟಿ ಒಣಗಿಸಿಕೊಂಡು ಅಲುಗಾಡದೆ ಮಲಗುವವರನ್ನು ಕಂಡರೆ ಹೆದರುತ್ತೇನೆ.

"ಬಲಗಡೆ ಕೆಳಗೆ ನೋವು, ಜ್ವರ. ಇದು ಅಪೆಂಡಿಕ್ಸೇ ಅಲ್ವಾ?" ಎಂದೆ.

"ಅದನ್ನ ಹೋದ ವರ್ಷವೇ ತೆಗೆದಾಗಿದೆ ಮೇಡಂ. ಭಟ್ಕಳದಲ್ಲಿ, ಸರ್ ಅವರೇ ಮಾಡಿದ್ದು," ಎಂದು ಕಿರಿಯರು ಚೀಲದಿಂದ ಹಾಳೆ ತೆಗೆದು ತೋರಿಸಿದರು. ಅದೇ ಅಚ್ಚಿನ ಹಾಳೆ, ಅದೇ ಸಹಿ. "ಹಳೇ ಆಪರೇಷನ್ನಿಂದ ಕರುಳು ಅಂಟಿಕೊಂಡಿರಬೇಕು. ಮೂಗಿಂದ ನಳಿಕೆ ಹಾಕಿ, ಡ್ರಿಪ್ ಕೊಟ್ಟು ಕಾಯೋದು. ಬಿಡದಿದ್ರೆ ಮಂಗಳೂರಲ್ಲಿ ನೋಡ್ತಾರೆ."

ಹೇಳಿದ್ದು ತಪ್ಪಲ್ಲ. ಕರುಳು ಅಂಟಿಕೊಂಡಿದ್ದರೆ ಕಾಯುವುದೇ ಚಿಕಿತ್ಸೆ. ಅಪೆಂಡಿಕ್ಸ್ ಒಡೆದಿದ್ದರೆ ಕಾಯುವುದೇ ಸಾವು. ಆ ಮನುಷ್ಯನ ಜೀವ ಇವೆರಡರ ನಡುವೆ ಇತ್ತು. ಸ್ಕ್ಯಾನ್ ಏನು ಹೇಳುತ್ತದೆ ಎಂದು ನೋಡಿದೆ. ಹೊಟ್ಟೆಯೆಲ್ಲ ಗಾಳಿ, ಸ್ವಲ್ಪ ನೀರು, ಅಪೆಂಡಿಕ್ಸ್ ಕಾಣಿಸಲಿಲ್ಲ, ಹಿಂದೆ ತೆಗೆಯಲಾಗಿದೆ ಎಂದಿತ್ತು. ಹಿಂದೆ ತೆಗೆದದ್ದು ಸ್ಕ್ಯಾನಿನ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಸ್ಕ್ಯಾನ್ ಮಾಡಿದ ಡಾಕ್ಟರೂ ಅದೇ ಹಾಳೆಯನ್ನು ಓದಿ, ಹುಡುಕುವುದನ್ನೇ ಬಿಟ್ಟಿದ್ದರು. ಒಂದು ಹಾಳೆಯ ಮಾತು ಇನ್ನೊಂದಕ್ಕೆ ಇಳಿದು, ಇವತ್ತು ಮೂರನೆಯದಾಗಿ ಮಂಗಳೂರಿನ ಚೀಟಿಗೂ ಇಳಿದಿತ್ತು. ನನಗೆ ಮೈ ಉರಿಯಿತು, ಆದರೆ ಯಾರ ಮೇಲೆ ಎಂದು ಇನ್ನೂ ಗೊತ್ತಿರಲಿಲ್ಲ.

ಹೊದಿಕೆ ಸರಿಸಿ ಹೊಟ್ಟೆ ನೋಡಿದೆ. ಹಳೆಯ ಗಾಯದ ಗೆರೆ ಇತ್ತು. ಅದರ ಪಕ್ಕದಲ್ಲೇ ಬೇರೆಯಾಗಿ ಒಂದು ಸಣ್ಣ ದುಂಡು ಕಲೆ. ಕೀವು ಹರಿದುಹೋಗಲೆಂದು ನಳಿಕೆ ಹಾಕಿದರೆ ಮಾತ್ರ ಆಗುವ ಕಲೆ ಅದು. ಹಾಳೆಯನ್ನು ಮತ್ತೆ ಓದಿದೆ. ಕೀವು ಇಲ್ಲ, ನಳಿಕೆ ಹಾಕಿಲ್ಲ ಎಂದು ಅಚ್ಚಾಗಿತ್ತು.

"ಇದನ್ನ ನೋಡಿದ್ರಾ?" ಎಂದು ಕಿರಿಯರಿಗೆ ತೋರಿಸಿದೆ.

ಅವರ ಮುಖ ಸಣ್ಣದಾಯಿತು. "ನಳಿಕೆ ಹಾಕಿದ್ದನ್ನ ತಿದ್ದಿ ಬರೆಯೋಕೆ ಮರೆತಿರಬಹುದು ಮೇಡಂ. ಹಾಗಂತ ತೆಗೆಯದೇ ತೆಗೆದೆ ಅಂತ ಸಹಿ ಮಾಡ್ತಾರಾ? ಸರ್ ಬರೆದಿದ್ದು ಸುಳ್ಳು ಅಂತ ನಾನು ಹೊಟ್ಟೆ ಕೊಯ್ದು, ಒಳಗೆ ಏನೂ ಇಲ್ಲದಿದ್ರೆ? ಈ ಸ್ಥಿತೀಲಿ ಸುಮ್ಮನೆ ಹೊಟ್ಟೆ ತೆರೆದ್ರೆ ಇವರು ಟೇಬಲ್ ಮೇಲೇ ಹೋಗಬಹುದು."

ಅದೂ ನಿಜವೇ. ನನ್ನದೂ ಒಂದು ಅಳುಕಿತ್ತು, ಹೇಳಿಬಿಡುತ್ತೇನೆ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹಿರಿಯ ಸರ್ಜನ್ನರದ್ದೇ. ಅವರ ಸಹಿಯನ್ನು ಅನುಮಾನಿಸುವುದೆಂದರೆ ಕೂತ ಕೊಂಬೆಗೆ ಕತ್ತಿ ಹಾಕಿದ ಹಾಗೆ. ಆದರೂ ಅಲ್ಲೇ ನಿಂತು ಫೋನ್ ಮಾಡಿದೆ. ಅವರು ಭಟ್ಕಳದಲ್ಲಿ ಆಪರೇಷನ್ ಮಾಡುತ್ತಿದ್ದರು. ಸಿಸ್ಟರು ಫೋನನ್ನು ಅವರ ಕಿವಿಗೆ ಹಿಡಿದಳು. ನನ್ನ ತವರು ಕುಮಟೆಯ ಒಳಗಿನ ಹಳ್ಳಿ ಸಂತೆಗುಳಿಯ ಹತ್ತಿರ, ಅವರದ್ದೂ ಅದೇ ಕಡೆ, ಹಾಗಾಗಿ ನಾವಿಬ್ಬರೂ ಮನೆಮಾತಿನಲ್ಲೇ ಮಾತಾಡುವುದು. ರೋಗಿ ಯಾರೆಂದು ಹೇಳಿ, "ನೆನಪಿದ್ದಾ ಸರ್?" ಎಂದೆ.

"ಹೋದ ವರ್ಷದ್ದು ಯಾರಿಗೆ ನೆನಪಿರ್ತು ತಂಗಿ? ಹಾಳೆಲಿ ಎಂತ ಇದ್ದು?"

"ತೆಗದ್ದು ಹೇಳಿ ಇದ್ದು."

"ಮತ್ತೆಂತ? ಬರದ್ದಿ ಅಂದ್ರೆ ತೆಗದ್ದಿ."

"ಪಕ್ಕದಲ್ಲಿ ನಳಿಕೆ ಹಾಕಿದ ಕಲೆ ಇದ್ದು. ಹಾಳೆಲಿ ನಳಿಕೆ ಹಾಕಿದ್ದಿಲ್ಲೆ ಹೇಳಿ ಇದ್ದು."

"ಕೀವು ಇದ್ದಿಕ್ಕು, ಹಾಕಿಕ್ಕು. ಇಲ್ಲಿ ನನ್ನ ಕೈ ಹೊಟ್ಟೆ ಒಳಗಿದ್ದು, ಇಡು ತಂಗಿ."

ಇದ್ದಿರಬಹುದು, ಹಾಕಿರಬಹುದು ಎಂಬಷ್ಟಕ್ಕೇ ಫೋನ್ ನಿಂತಿತು. ಅವರೇನೂ ಸುಳ್ಳು ಹೇಳಲಿಲ್ಲ, ನಾಚಿಕೆ ಮುಚ್ಚಿಕೊಳ್ಳಲೂ ಇಲ್ಲ. ತಾವೇ ಅಚ್ಚು ಹಾಕಿಸಿದ ಹಾಳೆಯನ್ನು ಅವರೂ ಎಲ್ಲರಂತೆ ನಂಬಿದ್ದರು. ಕಿರಿಯರು ನನ್ನ ಮುಖ ನೋಡಿ, "ಕಳಿಸೋಣ ಮೇಡಂ," ಎಂದರು. ಸ್ಟ್ರೆಚರ್ ಒಳಗೆ ಬಂತು.

ನಾನು ಹೊರಗೆ ಬಂದು ಹೆಂಡತಿಗೆ ಹೇಳಲೇಬೇಕಾಯಿತು. ಗಟ್ಟಿಮುಟ್ಟಾದ ಹೆಂಗಸು, ಮೀನು ಒಣಗಿಸುವ ಕೆಲಸದವಳು, ಬಿಸಿಲಿಗೆ ಕಪ್ಪಾದ ಕೈಗಳು. "ನೋಡಮ್ಮ, ಅಪೆಂಡಿಕ್ಸ್ ತೆಗೆದಾಗಿದೆ, ಹಾಗಾಗಿ ಇದು ಬೇರೆ ಏನೋ ಇರಬೇಕು. ಮಂಗಳೂರಿಗೆ ಕಳಿಸ್ತಿದ್ದೇವೆ," ಎಂದು ನನಗೇ ನಂಬಿಕೆಯಿಲ್ಲದ ಮಾತನ್ನು ಹೇಳಿದೆ.

ಅವಳು ಒಮ್ಮೆಲೇ ಸಿಟ್ಟಾದಳು. "ಎಂತದು ತೆಗ್ದದ್ದು ಡಾಕ್ಟ್ರಮ್ಮ? ನಮ್ಗೆ ತೋರ್ಸ್ಲೇ ಇಲ್ಲ! ಪಕ್ಕದ ಮಂಚದವ್ರಿಗೆ ಬಟ್ಲಲ್ಲಿ ಹಾಕಿ ತೋರ್ಸಿದ್ರು, ಅದರ ಆಚೆಯವ್ರಿಗೂ ತೋರ್ಸಿದ್ರು. ನಾನು ಬಾಗ್ಲಲ್ಲೇ ನಿಂತಿದ್ದೆ. ದೊಡ್ಡ ಡಾಕ್ಟ್ರು ಎಂತದೂ ಹೇಳ್ದೆ ಓಡಿ ಹೋದ್ರು. ನಾವು ಮೀನಿನ ಜನ, ನಮ್ಗೆಂತಕ್ಕೆ ತೋರ್ಸ್ತ್ರು ಅಂದ್ಕಂಡು ಸುಮ್ನಾದೆ."

ಒಂದು ವರ್ಷದಿಂದ ಅವಮಾನವೆಂದು ಅವಳು ನುಂಗಿಕೊಂಡಿದ್ದ ಮಾತು ಅದು. ನಮ್ಮ ಹಿರಿಯ ಸರ್ಜನ್ನರು ಯಾವ ಹಾಳೆಗಾದರೂ ಸಹಿ ಮಾಡಬಹುದು. ಬಟ್ಟಲು ತೋರಿಸದೆ ಮಾತ್ರ ಹೋಗುವವರಲ್ಲ. ತೋರಿಸಲಿಲ್ಲ ಎಂದರೆ ತೋರಿಸಲು ಏನೂ ಇರಲಿಲ್ಲ.

"ಸ್ಟ್ರೆಚರ್ ನಿಲ್ಲಿಸಿ!" ಎಂದು ನಾನು ಕೂಗಿದ್ದು ಆ್ಯಂಬುಲೆನ್ಸಿನ ಡ್ರೈವರನಿಗೂ ಕೇಳಿಸಿತಂತೆ. ಮತ್ತೆ ಫೋನ್ ಮಾಡಿದೆ. ಈ ಸಲ ಸಿಸ್ಟರು, "ಸರ್ ಬೈತಾರೆ ಮೇಡಂ," ಎಂದಳು. ಬೈಯಲಿ ಎಂದೆ.

"ಸರ್, ಆಪರೇಷನ್ ಆದ ಮೇಲೆ ಮನೆಯವ್ಕೆ ಬಟ್ಟಲಲ್ಲಿ ಎಂತದೂ ತೋರ್ಸಿದ್ರಿಲ್ಯಡ."

ಆಚೆ ಯಂತ್ರದ ಟಕ್ ಟಕ್ ಕೇಳುತ್ತಿತ್ತು.

"ತೋರ್ಸಿದ್ನಿಲ್ಯಾ?" ಎಂದರು, ಸಣ್ಣ ದನಿಯಲ್ಲಿ.

"ಇಲ್ಲೆ ಸರ್."

"ಆ ದಿನ ಹೊನ್ನಾವರದಿಂದ ಕರೆ ಬಂದಿತ್ತು, ಹೆರಿಗೆದು, ರಕ್ತ ಹೋಗ್ತಾ ಇತ್ತು…" ಅವರಿಗೆ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಗತೊಡಗಿತ್ತು. "ಒಳಗೆ ಬರೀ ಕೀವು, ಎಲ್ಲ ಅಂಟ್ಕಂಡಿತ್ತು. ಕೈ ಹಾಕಿದ್ರೆ ಕರುಳು ಹರಿತಿತ್ತು. ಕೀವು ತೆಗದು ಮುಚ್ಚಿದಿ. ತೆಗದ್ನಿಲ್ಲೆ ತಂಗಿ. ತೆಗದ್ನಿಲ್ಲೆ. ಹೊಟ್ಟೆ ತೆರಿರಿ, ತಡ ಮಾಡಡಿ. ನಾ ಬತ್ತೆ."

ಆ ಸ್ಥಿತಿಯಲ್ಲಿ ಅಪೆಂಡಿಕ್ಸ್ ತೆಗೆಯದೆ ಕೀವು ಮಾತ್ರ ತೆಗೆದು ಮುಚ್ಚಿದ್ದು ಸರಿಯಾದ ಕೆಲಸವೇ. ಕೆಲವು ವಾರ ಕಳೆದು ಒಳಗಿನ ಉರಿ ಆರಿದ ಮೇಲೆ ಕರೆಸಿಕೊಂಡು ಅಪೆಂಡಿಕ್ಸ್ ತೆಗೆಯಬೇಕು, ಅಷ್ಟೇ. ಆದರೆ ಅದನ್ನು ಹೇಳಬೇಕಾದ ಹಾಳೆ, ಅವನನ್ನು ಒಳಗೆ ತರುವ ಮೊದಲೇ, ತೆಗೆದಾಯಿತು ಎಂದು ಗೋಡೆಯ ಮೇಲೆ ಕೂತಿತ್ತು. ಓಡುವ ಗಡಿಬಿಡಿಯಲ್ಲಿ ಸರ್ ಅದಕ್ಕೇ ಸಹಿ ಗೀಚಿದ್ದರು.

ರೋಗಿಯನ್ನು ಟೇಬಲ್ಲಿಗೆ ತೆಗೆದುಕೊಂಡೆವು. ನಿದ್ದೆಯ ಮದ್ದು ಕೊಡುತ್ತಿದ್ದಂತೆ ಒತ್ತಡ ಜರ್ರನೆ ಇಳಿಯಿತು. ನಾನು ಒಂದು ಕೈಯಲ್ಲಿ ಮದ್ದು ತಳ್ಳುತ್ತಾ, ಇನ್ನೊಂದು ಕೈಯಲ್ಲಿ ಉಸಿರಿನ ಚೀಲ ಒತ್ತುತ್ತಾ, ಕಿರಿಯರಿಗೆ, "ನೀವು ಶುರು ಮಾಡಿ, ನಾನು ಹಿಡಿದಿರ್ತೇನೆ," ಎಂದೆ. ಹಿಡಿಯುತ್ತೇನೆಂಬ ಧೈರ್ಯ ನನಗಿರಲಿಲ್ಲ. ಹಾಗೆ ಹೇಳುವವರು ಒಬ್ಬರಾದರೂ ಆ ಕೋಣೆಯಲ್ಲಿ ಬೇಕಾಗಿತ್ತು.

ಹೊಟ್ಟೆ ತೆರೆದೊಡನೆ ವಾಸನೆ ಬಂತು. ಮಾಸ್ಕಿನೊಳಗೂ ಬಂತು. ಕಿರಿಯರು ಕೀವು ಹೀರಿಸಿ, ಬೆರಳಿನಿಂದ ಕರುಳನ್ನು ನಿಧಾನವಾಗಿ ಬಿಡಿಸುತ್ತಾ ಹೋದರು. ನಾನು ನಾಡಿಯ ಸಂಖ್ಯೆಯನ್ನಷ್ಟೇ ಹೇಳುತ್ತಿದ್ದೆ, ಅದು ಪ್ರತಿ ಸಲವೂ ಹಿಂದಿನದಕ್ಕಿಂತ ಕೆಟ್ಟದಾಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

"ಮೇಡಂ… ಇದೆ."

"ಎಂತ ಇದೆ?"

"ಅಪೆಂಡಿಕ್ಸ್. ಇಲ್ಲೇ ಇದೆ. ತುದಿ ಒಡೆದುಹೋಗಿದೆ."

ಗೆದ್ದೆವೆಂದು ಖುಷಿಪಡಬೇಕೋ, ಸಿಟ್ಟಿನಿಂದ ಅರಚಬೇಕೋ ತಿಳಿಯಲಿಲ್ಲ. ತಲೆ ಎತ್ತಿದರೆ ಎದುರಿನ ಗೋಡೆಯ ಹಲಗೆಯಲ್ಲಿ ಅಂಥದೇ ಅಚ್ಚಿನ ಹಾಳೆ! ನಮ್ಮ ಸಿಸ್ಟರು ಎಂದಿನ ಅಭ್ಯಾಸದಂತೆ ಹೆಸರು, ವಯಸ್ಸು ತುಂಬಿ, ಅಪೆಂಡಿಕ್ಸಿನ ಹಾಳೆಯನ್ನು ಚುಚ್ಚಿಟ್ಟಿದ್ದಳು. ಕೀವು ಇಲ್ಲ. ನಳಿಕೆ ಹಾಕಿಲ್ಲ. ರೋಗಿಯ ಸ್ಥಿತಿ ತೃಪ್ತಿಕರ. ನನ್ನ ಕೈಯಡಿಯಲ್ಲಿ ಅವನ ನಾಡಿ ಸಿಗದಷ್ಟು ಸಣ್ಣದಾಗಿತ್ತು.

"ಅದನ್ನ ಕಿತ್ತು ಹಾಕಿ," ಎಂದೆ. ಸಿಸ್ಟರಿಗೆ ಯಾವುದನ್ನೆಂದು ತಿಳಿಯಲಿಲ್ಲ. "ಆ ಹಾಳೆ! ಮೊದಲು ಅದನ್ನ ಹರೀರಿ!" ಅವಳು ಹೆದರಿ ಎರಡು ತುಂಡು ಮಾಡಿದಳು. ಪಾಪ, ಅವಳದೇನೂ ತಪ್ಪಿಲ್ಲ, ಆದರೆ ಆ ಹೊತ್ತಿಗೆ ನನಗೆ ಯಾರ ಮೇಲಾದರೂ ಕೂಗಬೇಕಾಗಿತ್ತು.

ತೆಗೆದು, ತೊಳೆದು, ನಳಿಕೆ ಹಾಕಿ ಹೊಲಿಯುವಷ್ಟರಲ್ಲಿ ಒತ್ತಡ ಸ್ವಲ್ಪ ಏರಿತು. ಏರಿತು ಎನ್ನುವುದಕ್ಕಿಂತ ಇಳಿಯುವುದನ್ನು ನಿಲ್ಲಿಸಿತು. ಉಸಿರಿನ ನಳಿಕೆಯನ್ನು ತೆಗೆಯುವ ಧೈರ್ಯವಾಗದೆ ಹಾಗೆಯೇ ಪಕ್ಕದ ಕೋಣೆಗೆ ಸಾಗಿಸಿದೆವು.

ಅಷ್ಟರಲ್ಲಿ ಹಿರಿಯರು ತಮ್ಮ ಕೈಯಲ್ಲಿದ್ದ ಆಪರೇಷನ್ ಮುಗಿಸಿ ಬಂದರು. ಭಟ್ಕಳದ ಆಪರೇಷನ್ ಕೋಣೆಯ ಹಸಿರು ಅಂಗಿಯಲ್ಲೇ ಬಂದಿದ್ದರು, ಮಳೆಗೆ ಹೆಗಲು ನೆನೆದಿತ್ತು. ರೋಗಿಯನ್ನು ನೋಡಿದರು, ನಾಡಿ ಹಿಡಿದರು. ಕಿರಿಯರು ಬಟ್ಟಲು ಎತ್ತಿಕೊಂಡು ಹೊರಡುತ್ತಿದ್ದಂತೆ ಕೈ ಅಡ್ಡ ಹಿಡಿದು, "ಕೊಡಿ, ನಾನೇ ತೋರಿಸ್ತೇನೆ," ಎಂದರು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅವರಿಗೆ ಆಸರೆಯಾಗಲಿಕ್ಕೆ ಹೋದೆನೋ, ಅವರೇನು ಹೇಳುತ್ತಾರೆಂದು ಕೇಳಲಿಕ್ಕೆ ಹೋದೆನೋ, ಈಗಲೂ ಗೊತ್ತಿಲ್ಲ.

ಅವಳು ಬಟ್ಟಲೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಈಗ ತೆಗ್ದದ್ದಾ?"

"ಹೌದಮ್ಮ."

"ಹಂಗಾರೆ ಆಗ ತೆಗ್ದದ್ದು ಎಂತ?"

ಅವರು ಸುತ್ತುಬಳಸು ಮಾಡಲಿಲ್ಲ. ಅದಕ್ಕಾಗಿ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. "ಆಗ ತೆಗೀಲಿಲ್ಲಮ್ಮ. ಕೀವು ಮಾತ್ರ ತೆಗ್ದಿದ್ದೆ. ಇನ್ನೊಂದು ಸಲ ಬರ್ಲಿಕ್ಕೆ ನಿಮ್ಗೆ ಹೇಳ್ಬೇಕಾಗಿತ್ತು, ಹೇಳ್ದೆ ಓಡಿ ಹೋದೆ. ಕಾಗದದಲ್ಲಿ ತೆಗ್ದಿದ್ದೆ ಅಂತ ಸಹಿ ಮಾಡಿದ್ದೆ. ತಪ್ಪಾಯ್ತು."

ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಪ್ಲಾಸ್ಟಿಕ್ ಚೀಲದಿಂದ ಹಳೆಯ ಹಾಳೆಯನ್ನು ತೆಗೆದು ಅವರ ಮುಂದೆ ಹಿಡಿದಳು. "ಹಂಗಾರೆ ಈಗ ಸಮಾ ಬರೀರಿ. ನನ್ನ ಎದ್ರಿಗೇ ಬರೀರಿ."

ಸಿಸ್ಟರು ಖಾಲಿ ಕಾಗದ ತಂದಳು. ಹಿರಿಯರು ಬೆಂಚಿನ ಮೇಲೆ ಕೂತರು. ಹೋದ ವರ್ಷದ್ದನ್ನು ತಾವೇ ಬರೆದು ಸಹಿ ಮಾಡಿದರು. ಇವತ್ತಿನದನ್ನು ಕಿರಿಯರು ಪಕ್ಕದಲ್ಲಿ ಕೂತು ಬರೆದರು. ಅವಳಿಗೆ ಇಂಗ್ಲಿಷ್ ಬಾರದು. "ಓದಿ ಹೇಳಿ," ಎಂದಳು. ಎರಡನ್ನೂ ಕನ್ನಡದಲ್ಲಿ ಓದಿ ಹೇಳಿದ್ದಾಯಿತು. ಏನು ಕಂಡದ್ದು, ಏನು ಮಾಡಿದ್ದು, ಏನು ಮಾಡದೆ ಬಿಟ್ಟದ್ದು. ಅಷ್ಟು ಹೊತ್ತೂ ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಕೊನೆಗೆ ಕೇಳಿದಳು, "ಬದುಕ್ತ್ರು ಅಂತ ಬರ್ದ್ರಾ?"

ಹಿರಿಯರು ನನ್ನ ಕಡೆ ನೋಡಿದರು. ನಾನು ರೋಗಿಯಿದ್ದ ಕೋಣೆಯ ಕಡೆ ನೋಡಿದೆ.

"ಇಲ್ಲಮ್ಮ," ಎಂದರು. "ಅದು ಇನ್ನೂ ಆಗ್ಲಿಲ್ಲ. ಆಗದ್ದನ್ನ ನಾನಿನ್ನು ಬರೆಯೋದಿಲ್ಲ."

ಆ ವಾರವೇ ಅವರು ಮೂರೂ ಊರಿನ ಅಚ್ಚಿನ ಹಾಳೆಗಳನ್ನು ತರಿಸಿ ಒಲೆಗೆ ಹಾಕಿಸಿದರು. ಈಗ ನಮ್ಮಲ್ಲಿ ಖಾಲಿ ಹಾಳೆಯೇ. ಹೊಲಿಗೆ ಮುಗಿದ ಮೇಲೆ, ರೋಗಿ ಕೋಣೆ ಬಿಡುವ ಮೊದಲು, ಕೈಯಿಂದ ಬರೆಯಬೇಕು. ಮಾಡದೆ ಬಿಟ್ಟದ್ದು ಎಂದು ಒಂದು ಸಾಲು ಕಡ್ಡಾಯ. ಬಟ್ಟಲು ತೋರಿಸುವಾಗಲೇ ಮನೆಯವರಿಗೆ ಅದನ್ನು ಓದಿ ಹೇಳಬೇಕು. ಭಟ್ಕಳದಲ್ಲಿ ಒಬ್ಬ ಸಿಸ್ಟರು ಅಲ್ಲಿಯ ಮುಸ್ಲಿಮರ ಮನೆಮಾತಾದ ನವಾಯತಿಯಲ್ಲೂ ಓದುತ್ತಾಳೆ. ತಡವಾಗುತ್ತದೆ ಎಂದು ಗೊಣಗುವ ಡಾಕ್ಟರುಗಳಿದ್ದಾರೆ. ಅವರು ಬರೆದು ಮುಗಿಸುವವರೆಗೆ ನಾನು ರೋಗಿಯನ್ನು ಹೊರಗೆ ಬಿಡುವುದಿಲ್ಲ, ಬಾಗಿಲಿಗೆ ಕುರ್ಚಿ ಹಾಕಿ ಕೂರುತ್ತೇನೆ. ಬೈಗುಳ ನನಗೆ ಹೊಸದೇನಲ್ಲ.

ಬೋಟಿನವನಿಗೆ ಎಚ್ಚರವಾದ ಮೇಲೂ ಜ್ವರ ಬಿಡಲಿಲ್ಲ. ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಹೊನ್ನಾವರಕ್ಕೆ ಹೋಗುವಾಗ, ಬರುವಾಗ ಕುಮಟೆಯಲ್ಲಿ ಇಳಿದು ನೋಡದೆ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೊಂದು ದಿನ ಬೆಳಿಗ್ಗೆ ನಾನು ಹೋದಾಗ ಅವನು ಅಂಗಿ ಹಾಕಿಕೊಂಡು, ಸೊರಗಿ ಹೋಗಿದ್ದರೂ ತನ್ನ ಕಾಲ ಮೇಲೆ, ಮೆಟ್ಟಿಲಿಳಿಯುತ್ತಿದ್ದ. ಕೆಳಗೆ ಹಿರಿಯ ಸರ್ಜನ್ನರು ಅವನ ಫೈಲು ತೆರೆದು ಕೂತಿದ್ದರು. ಹೆಂಡತಿ ಅವರ ಮೇಜಿನ ಎದುರು ನಿಂತು ಗಂಡನನ್ನೇ ನೋಡುತ್ತಿದ್ದಳು. ಅವನು ಕೊನೆಯ ಮೆಟ್ಟಿಲು ಇಳಿದು ಅವಳ ಪಕ್ಕಕ್ಕೆ ಬಂದು ನಿಂತ ಮೇಲೆ, ಅವರ ಕಡೆ ತಿರುಗಿದಳು.

"ಆತಲ್ಲ ಡಾಕ್ಟ್ರೆ," ಎಂದಳು. "ಈಗ ಬರೀರಿ."